ಕಾನ್ಹೇರಿಯ ಒಂದು ಪಾನೀಯಭಾಜನ

ಸಾಲ್ಸೆಟ್ಟಿ ದ್ವೀಪದ ಕಾನ್ಹೇರಿ ಬೆಟ್ಟದಲ್ಲಿ ಬೌದ್ಧಭಿಕ್ಷುಗಳ ವಾಸಕ್ಕಾಗಿ ಕೊರೆದ ಲೇಣಗಳು ನೂರಕ್ಕೆ ಮಿಕ್ಕಿರುತ್ತವೆ. ಶಾಸನಗಳಲ್ಲಿ ಈ ಬೆಟ್ಟಕ್ಕೆ ಕಣ್ಹಸೇಲ, ಎಂದರೆ ಕೃಷ್ಣಶೈಲ, ಎಂದು ಹೆಸರು. ಆ ಪ್ರಾಂತದಲ್ಲಿ ನಾಲ್ಕು ತಿಂಗಳು ಮಳೆ ಧಾರಾಕಾರವಾಗಿ ಸುರಿದು, ಉಳಿದ ಎಂಟು ತಿಂಗಳು ಆಕಾಶವು ಬರಿದಾಗಿರುತ್ತದೆ. ಆದುದರಿಂದ ಲೇಣದ ಬಾಗಿಲ ಮಗ್ಗುಲಲ್ಲಿಯೇ ಒಂದು ತೊಟ್ಟಿಯನ್ನೂ ಬಂಡೆಯಲ್ಲಿ ಕೊರೆಯುತ್ತಿದ್ದರು. ಬಂಡೆಯ ನೆತ್ತಿಯಮೇಲೆ ಬಿದ್ದ ನೀರನ್ನು ಸಣ್ಣ ಕಾಲುವೆಗಳು ಅದಕ್ಕೆ ಇಳಿಸುತ್ತವೆ. ತೊಟ್ಟಿಯ ಬಾಯಿ ಕಿರಿದು, ಒಡಲು ವಿಶಾಲ. ಬಿಸಿಲು ತಾಗದ ನೀರು ಬೇಗನೆ ಆರದು. ಪ್ರಾಕೃತ ದಾನಶಾಸನಗಳಲ್ಲಿ ಇದಕ್ಕೆ ‘ಪೊಢಿ’ ಎಂಬ ಸಂಜ್ಞೆ.

ಇಂತಹ ಒಂದು ತೊಟ್ಟಿಯ ಮೇಲಿನ ತ್ರುಟಿತ ಶಾಸನವು ಇತಿಹಾಸಜ್ಞರಲ್ಲಿ ಸುಪ್ರಸಿದ್ಧವಾದುದು. ವಾಸಿಷ್ಠೀಪುತ್ರ ಶಾತಕರ್ಣಿಯ ದೇವಿಯು ಕಾರ್ದಮಕ ರಾಜವಂಶದಲ್ಲಿ ಹುಟ್ಟಿದವಳೆಂದೂ ಮಹಾಕ್ಷತ್ರಪ ‘ರು...’ ಎಂಬವನ ಮಗಳೆಂದೂ ಅದರಿಂದ ತಿಳಿದುಬರುತ್ತದೆ. ಆ ಮಹಾಕ್ಷತ್ರಪನು ರುದ್ರದಾಮನೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆ ಯುಕ್ತವೆಂದೇ ನಮ್ಮ ಮತ. ಶಾತಕರ್ಣಿಯನ್ನು ಎರಡು ಬಾರಿ ಗೆದ್ದರೂ ಸಂಬಂಧದ ಸಾಮೀಪ್ಯದಿಂದ ನಾಶಮಾಡಲಿಲ್ಲವೆಂದು ರುದ್ರದಾಮನ ಜುನಾಗಢದ ಶಾಸನವೇ ಹೇಳುತ್ತದೆ. ಆದರೆ ವಿವಾಹದ ಚರ್ಚೆಯಲ್ಲಿ ಶಾಸನದ ಪ್ರಕೃತವಿಷಯವೇ ಮರೆತುಹೋಗುತ್ತದೆ: ಅಮಾತ್ಯ ಶತೇರಕನು ಕೊಟ್ಟ ದೇಯಧರ್ಮವು ಒಂದು ‘ಪಾನೀಯಭಾಜನ’.

ಈ ಶಬ್ದವು ವಿಚಾರಾರ್ಹ. ಕೂಪವು ನೆಲದ ಒರತೆಯಿಂದ ತಾನೇ ತುಂಬುವುದು. ಭಾಜನವಾದರೋ ಪಾತ್ರೆ, ಹೊರಗಿನಿಂದ ಎರೆದುದನ್ನು ಹಿಡಿದಿಡುವುದು. ಬಂಡೆಯಲ್ಲಿ ಮಳೆನೀರನ್ನು ಹಿಡಿಯುವ ಗುಂಡಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ನಮ್ಮ ನಾಡಿನ ಬೆಟ್ಟಗಳಲ್ಲಿ ಇಂತಹ ಜಲಾಶಯವನ್ನು ‘ದೊಣೆ’ ಎನ್ನುವುದೂ ಹೀಗೆಯೇ. ಅದು ದ್ರೋಣಿ ಶಬ್ದದ ತದ್ಭವವಾಗಿ ತೋರುತ್ತದೆ, ದ್ರೋಣಿಯೂ ಪಾತ್ರೆಯೇ.

ರುದ್ರದಾಮನ ಶಾಸನವೂ ನೀರಿನ ಶಾಸನವೇ ಎಂಬುದನ್ನು ಇಲ್ಲಿ ನೆನೆಯಬೇಕು. 72ನೆಯ ವರ್ಷದಲ್ಲಿ (ಕ್ರಿ. ಶ. 150) ಬಿರುಗಾಳಿ ಮಳೆಗಳಿಂದ ಸುದರ್ಶನ ತಟಾಕದ ಕಟ್ಟೆ 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳವಾಗಿ ಬಿರಿಯಿತು. ಸಚಿವರು ಅಸಾಧ್ಯವೆಂದು ಹಿಂಜರಿದರು. ಅಮಾತ್ಯ ಸುವಿಶಾಖನು ಅದನ್ನು ಕಟ್ಟಿಸಿದನು. ಪ್ರಜೆಗಳಿಂದ ಕರವನ್ನಾಗಲಿ ವಿಷ್ಟಿಯನ್ನಾಗಲಿ ಕೊಳ್ಳಲಿಲ್ಲ. ಆ ಕಟ್ಟೆ ಸ್ಕಂದಗುಪ್ತನ ಕಾಲದಲ್ಲಿ (455-56) ಮತ್ತೆ ಒಡೆಯಿತು. ಕಾನ್ಹೇರಿಯ ತೊಟ್ಟಿಗೆ ಒಡೆಯುವ ಕಟ್ಟೆಯೇ ಇಲ್ಲ. ಶಾಸನದಲ್ಲಿ ಮಾತ್ರ ರಾಣಿಯ ಹೆಸರು ಉಳಿದಿಲ್ಲ. ಅಮಾತ್ಯನ ಹೆಸರು ಉಳಿದಿದೆ.