ರೇವಾ: ಗಿರಾಕಿ ಸಾಲದ ಕಾರು

ಸಂತೆಗೆ ಬಂದ ಒಳ್ಳೆಯ ಸರಕೂ ಕೆಲವೊಮ್ಮೆ ಗಿರಾಕಿಯಿಲ್ಲದೆ ಮರಳುವುದುಂಟು. ಬೆಂಗಳೂರಿನ ಮೈನಿ ಬಳಗದವರು 2001ರಲ್ಲಿ ಮಾರಾಟಕ್ಕೆ ತಂದ ‘ರೇವಾ’ ಎಂಬ ವಿದ್ಯುತ್ ಕಾರಿನ ಇತಿಹಾಸ ಹೆಚ್ಚುಕಡಿಮೆ ಅಂಥದು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಪೆಟ್ರೋಲಿನ ಗೊಡವೆಯಿಲ್ಲ, ಹೊಗೆಯಿಲ್ಲ. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗ್ಗೆ ಸುಮಾರು 80 ಕಿಲೋಮೀಟರ್ ಓಡಲು ಸಿದ್ಧ.

ನಮ್ಮ ಸೀಮೆಯ ಲೆಕ್ಕದಿಂದಲೇ ಇದನ್ನು ಅಳೆಯೋಣ. ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿಲೋಮೀಟರ್. ದೇವದುರ್ಗ ಇನ್ನೂ ದೂರ. ಹೋಗಬಹುದು ಸರಿ, ಹಿಂದಿರುಗುವ ಬಗೆ ಹೇಗೆ? ಬ್ಯಾಟರಿ ತುಂಬುವತನಕ ಎಂಟು ಗಂಟೆ ಬೀಗರ ಮನೆಯಲ್ಲಿ ಕೂಡಬೇಕಾದೀತು. 1985ರಿಂದ ಶಕ್ತಿನಗರದಲ್ಲಿ ವಿದ್ಯುತ್ತು ಮಾಡಿ ನಾಡಿಗೆ ಕಳಿಸಿದ ಜಿಲ್ಲೆಗೇ ವಿದ್ಯುತ್ ಕಾರು ಒದಗದೆ ಹೋದದ್ದು ವಿಚಿತ್ರವೇ ಸರಿ!

ಇದನ್ನು ಕಾರಿನ ದೋಷವೆನ್ನಲಾಗದು. ಪೇಟೆಯೊಳಗಿನ ಓಡಾಟಕ್ಕೆಂದೇ ಮಾಡಿದ್ದನ್ನು ಜನ ಮಾರುತಿ 800ರ ಪಕ್ಕದಲ್ಲಿಟ್ಟು ತೂಗಿದರು. ಮನೆಗೆ ಒಂದೇ ಕಾರು ಕೊಳ್ಳುವವನು ಊರಿಗೂ ಪರವೂರಿಗೂ ಆಗುವಂಥದನ್ನು ಕೇಳುವನಲ್ಲವೇ? ಇದೇ ಕಾರು ಲಂಡನ್ನಿನಲ್ಲಿ ‘ಜೀ-ವಿಜ್’ ಎಂಬ ಹೆಸರು ತಾಳಿತು. ಅಲ್ಲಿ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ಮೋಟಾರುಗಳ ಮೇಲೆ ದಿನದ ಸುಂಕ ಬಿತ್ತು. ವಿದ್ಯುತ್ ಕಾರಿಗೆ ವಿನಾಯಿತಿ ದೊರೆಯಿತು. ಕೊಂಡವನ ಲಾಭ ದಿನವೂ ಕಣ್ಣಿಗೆ ಕಾಣುವಂತಿದ್ದುದರಿಂದ, ಮಾರುವವನ ಮಾತಿಗಿಂತ ಆ ಸುಂಕವೇ ಹೆಚ್ಚು ಪ್ರಚಾರ ಮಾಡಿತೆನ್ನಬೇಕು.

ಆದರೂ ಎಲ್ಲ ದೇಶಗಳೂ ಸೇರಿ ಮಾರಾಟ ಕೆಲವು ಸಾವಿರಗಳಲ್ಲೇ ನಿಂತಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ಒಮ್ಮೆ ತುಂಬಿದರೆ 100 ಕಿಲೋಮೀಟರ್ ಎಂದು ತಯಾರಕರು ಸಾರಿದ ‘ಈಟುಓ’ ಕಾರು 2013ರಲ್ಲಿ ಬಂದಿತು. ಮಾನ್ವಿಗೆ ಹೋಗಿ ಬರಲು ಅಷ್ಟು ಸಾಕಿತ್ತು.