ಸತ್ತವಳು ಬರೆದ ಉತ್ತರಗಳು

ಎರಡು ವರ್ಷದ ಹಿಂದೆ ಫೆಲೋಶಿಪ್ ಹಣ ಐದು ತಿಂಗಳು ತಡವಾದಾಗ ನಾನೊಂದು ಕೆಲಸ ಹಿಡಿದೆ. ಮನೆಯಲ್ಲೇ ಕೂತು ಬರೆಯುವ ಕೆಲಸ. ತಲೆಗೆ ಹಚ್ಚುವ ಒಂದು ಎಣ್ಣೆಯನ್ನು ಬಳಸಿದವರು ಫೇಸ್‌ಬುಕ್ಕಿನಲ್ಲೋ ಯೂಟ್ಯೂಬಿನಲ್ಲೋ ಬರೆದಂತೆ ಕಾಣುವ ಕಾಮೆಂಟುಗಳನ್ನು ಕನ್ನಡದಲ್ಲಿ ಬರೆದುಕೊಡಬೇಕು. ಒಂದಕ್ಕೆ 15 ರೂಪಾಯಿ. ಮೊದಲ ಕಂತು ಕಳಿಸಿದ ಸಂಜೆಯೇ ವಾಟ್ಸ್‌ಆ್ಯಪಿನಲ್ಲಿ ಉತ್ತರ ಬಂತು: “ಮೇಡಂ, ಪಠ್ಯಪುಸ್ತಕ ಓದಿದ ಹಾಗಿದೆ. ಸ್ವಲ್ಪ ನ್ಯಾಚುರಲ್ ಆಗಿ ಬರ್ಲಿ. ಒಂದೆರಡು ಸ್ಪೆಲ್ಲಿಂಗ್ ತಪ್ಪಿದ್ರೂ ಪರವಾಗಿಲ್ಲ, ತಪ್ಪಿದ್ರೇನೇ ಒಳ್ಳೇದು.”

ಜನ ಆಡುವ ಕನ್ನಡವನ್ನು ಆಡುವ ಹಾಗೆಯೇ ಅಚ್ಚಿಗೆ ತಂದವರೆಂದು ಟಿ.ಪಿ. ಕೈಲಾಸಂ ಅವರನ್ನು ನಾವು ಇಂದಿಗೂ ನೆನೆಯುತ್ತೇವೆ. ನೂರು ವರ್ಷ ಕಳೆದು ಅದೇ ಆಡುಮಾತಿಗೆ ಎಣ್ಣೆಯವರಿಂದ ಬೇಡಿಕೆ ಬಂದಿತ್ತು! ನಗು ಬಂದರೂ ದುಡ್ಡು ಬೇಕಿತ್ತು. ಕಣ್ಣು ಮುಚ್ಚಿ ಹಾಸನದ ಕಡೆಯ ನನ್ನ ಸೋದರತ್ತೆಯನ್ನು ನೆನೆದುಕೊಂಡೆ. ಎರಡನೆಯ ಹೆರಿಗೆಯಾದ ಮೇಲೆ ಅವರಿಗೆ ಕೂದಲು ಉದುರತೊಡಗಿದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. “ಬಾಣಂತನ ಆದ್ಮೇಲೆ ಕೂದ್ಲು ಹಿಡಿ ಹಿಡಿ ಉದುರೋದು ಕಣವ್ವ, ಬಚ್ಚಲ ತುಂಬ ಕೂದ್ಲು, ನಮ್ಮನೇರು ಬೈಯೋರು” ಎಂದು ಶುರು ಮಾಡಿದೆ. ತಕ್ಷಣ ಉತ್ತರ: “ಸೂಪರ್ ಮೇಡಂ. ಇದೇ ಟೋನಲ್ಲಿ ಇನ್ನೂ 40 ಬೇಕು.”

ನಲವತ್ತನ್ನೂ ಬರೆದೆ. 600 ರೂಪಾಯಿ ಬಂತು. ಬಚ್ಚಲು ನಿಜ, ಕೂದಲು ನಿಜ, ಮಾವನ ಬೈಗುಳವೂ ನಿಜ. ಸುಳ್ಳು ಅಂತ ಇದ್ದದ್ದು ಎಣ್ಣೆಯೊಂದೇ.

ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವ ವಿಷಯ ಔಷಧಿ ಜಾಹೀರಾತುಗಳ ಇತಿಹಾಸ. ಹಗಲು ಗ್ರಂಥಾಲಯದಲ್ಲಿ ನೂರು ವರ್ಷದ ಹಿಂದಿನ ಸುಳ್ಳುಗಳಿಗೆ ಟಿಪ್ಪಣಿ ಮಾಡಿಕೊಂಡು, ರಾತ್ರಿ ಕೋಣೆಗೆ ಬಂದು ಹೊಸ ಸುಳ್ಳು ಬರೆಯುತ್ತಿದ್ದೆ. ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಅಮೆರಿಕದ ಲಿಡಿಯಾ ಪಿಂಕಮ್ ಎಂಬ ಹೆಂಗಸಿನ ಬಗ್ಗೆ. ಈಕೆಯ ಕಥೆಯನ್ನು ಮೋಸದ ಕಥೆಯೆಂದು ಹೇಳಿ ಮುಗಿಸುವವರೇ ಹೆಚ್ಚು. ನನಗೆ ಅದು ಅಷ್ಟು ಸಲೀಸಾಗಿ ಕಾಣುವುದಿಲ್ಲ.

ಲಿಡಿಯಾ ಹುಟ್ಟಿದ್ದು 1819ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬ ಊರಿನಲ್ಲಿ. ಬಾಸ್ಟನ್ ಪಕ್ಕದ ಈ ಊರು ಬೂಟು ಹೊಲಿಯುವುದಕ್ಕೆ ಹೆಸರಾಗಿತ್ತು. ಅವಳದು ಕ್ವೇಕರ್ ಪಂಥದ ಮನೆತನ, ಗುಲಾಮಗಿರಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಮದುವೆಗೆ ಮುಂಚೆ ಅವಳು ಶಾಲೆಯ ಟೀಚರ್. ಗಂಡ ಐಸಾಕ್ ಜಮೀನು ಕೊಂಡು ಮಾರುವ ವ್ಯವಹಾರಕ್ಕೆ ಕೈಹಾಕಿದವನು, 1873ರ ಆರ್ಥಿಕ ಕುಸಿತದಲ್ಲಿ ಎಲ್ಲ ಕಳೆದುಕೊಂಡು ಮೂಲೆ ಸೇರಿದ. ಮುಟ್ಟಿನ ತೊಂದರೆ, ಗರ್ಭಕೋಶದ ನೋವು ಎಂದು ಬಂದ ಅಕ್ಕಪಕ್ಕದ ಹೆಂಗಸರಿಗೆ ಲಿಡಿಯಾ ಅದುವರೆಗೆ ಒಂದು ಕಷಾಯವನ್ನು ಕಾಸಿ ಪುಕ್ಕಟೆ ಕೊಡುತ್ತಿದ್ದಳು. 1875ರಲ್ಲಿ ಮಕ್ಕಳು ಅದನ್ನೇ ಬಾಟಲಿಗೆ ತುಂಬಿಸಿ ಮಾರಲು ಹೊರಟರು. ಬಾಟಲಿಗೆ ಒಂದು ಡಾಲರ್. ಹೆಸರು ‘ವೆಜಿಟಬಲ್ ಕಾಂಪೌಂಡ್’. ಬೇರುಗಳ ಜೊತೆಗೆ ಅದರಲ್ಲಿ ಮೆಂತ್ಯವೂ ಇತ್ತು ಎಂದು ಓದಿದಾಗ ನಮ್ಮಜ್ಜಿಯ ಡಬ್ಬಿ ನೆನಪಾಯಿತು. ಕೆಡದೆ ಉಳಿಯಲೆಂದು ಸೇರಿಸಿದ ಆಲ್ಕೊಹಾಲ್ ಮಾತ್ರ ನಮ್ಮಜ್ಜಿಯ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಶೇಕಡ 18ರ ಆಸುಪಾಸು. ಮದ್ಯಪಾನ ವಿರೋಧಿ ಚಳವಳಿಯ ಹೆಂಗಸರೂ ಧೈರ್ಯವಾಗಿ ಕುಡಿಯಬಹುದಾಗಿದ್ದ ಪಾನೀಯ ಎಂದು ಇತಿಹಾಸಕಾರರು ತಮಾಷೆ ಮಾಡುವುದುಂಟು.

ನನ್ನನ್ನು ಬೆಚ್ಚಿಬೀಳಿಸಿದವನು ಮಗ ಡ್ಯಾನ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮನೆಮನೆಗೆ ನಡೆದು ಕರಪತ್ರ ಹಂಚುತ್ತಿದ್ದ ಅವನ ಜೇಬಿನಲ್ಲಿ ಕಾಸಿರುತ್ತಿರಲಿಲ್ಲ, ಬೂಟಿನಲ್ಲಿ ತೂತಿರುತ್ತಿತ್ತು. ಕರಪತ್ರವನ್ನು ಜನ ಓದದೆ ಎಸೆಯುತ್ತಾರೆ ಎಂಬುದು ಬೇಗನೆ ಗೊತ್ತಾಯಿತು. ಆಗ ಅವನಿಗೆ ಹೊಳೆದ ಉಪಾಯ ಇದು: ಸಣ್ಣ ಕಾರ್ಡುಗಳಲ್ಲಿ ಕೈಬರಹದಂತೆಯೇ ಕಾಣುವ ಅಕ್ಷರಗಳನ್ನು ಅಚ್ಚು ಹಾಕಿಸುವುದು. ಒಬ್ಬ ಹೆಂಗಸು ತನ್ನ ನೆಂಟಳಿಗೆ, ಈ ಔಷಧಿ ತಗೋ, ನಿನ್ನ ಕಾಯಿಲೆ ಖಂಡಿತ ಗುಣವಾಗುತ್ತದೆ ಎಂದು ಬರೆದ ಚೀಟಿ ಅದು. ಕೆಳಗೆ ಮರೆತು ಸೇರಿಸಿದಂತೆ ಒಂದು ಸಾಲಿನಲ್ಲಿ ಔಷಧಿ ಸಿಗುವ ಅಂಗಡಿಯ ಹೆಸರು. ಈ ಕಾರ್ಡುಗಳನ್ನು ರಜಾದಿನ ಜನ ಸೇರುವ ಪಾರ್ಕುಗಳಲ್ಲಿ ಯಾರದೋ ಕೈಯಿಂದ ಜಾರಿಬಿದ್ದಂತೆ ಬಿಟ್ಟುಬರಬೇಕು. ಎತ್ತಿಕೊಂಡವರು ಜಾಹೀರಾತು ಓದಿದೆವು ಎಂದುಕೊಳ್ಳುವುದಿಲ್ಲ, ಇನ್ನೊಬ್ಬರ ಕಾಗದ ಕದ್ದು ಓದಿದೆವು ಎಂದುಕೊಳ್ಳುತ್ತಾರೆ.

ನೂರೈವತ್ತು ವರ್ಷದ ಹಿಂದಿನ ಮಾತು. ನನಗೆ ವಾಟ್ಸ್‌ಆ್ಯಪಿನಲ್ಲಿ ಬಂದ ಸೂಚನೆಗಳಲ್ಲಿ ಡ್ಯಾನ್‌ಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ.

1879ರಲ್ಲಿ ಲಿಡಿಯಾಳ ಮುಖವೇ ಜಾಹೀರಾತಿಗೆ ಬಂತು. ಅರವತ್ತರ ಹೆಂಗಸು, ಬಾಚಿ ಕಟ್ಟಿದ ತಲೆ, ಕತ್ತಿಗೆ ಲೇಸು, ತುಟಿಯಲ್ಲಿ ಇದ್ದೂ ಇಲ್ಲದ ನಗು. ಊರೂರಿನ ಪತ್ರಿಕೆಗಳಲ್ಲಿ ಈ ಮುಖ ಎಷ್ಟು ಬಂತೆಂದರೆ, ವಿಕ್ಟೋರಿಯಾ ರಾಣಿಯ ಬ್ಲಾಕ್ ಇಲ್ಲದ ಸಣ್ಣ ಪತ್ರಿಕೆಗಳು ಲಿಡಿಯಾಳದ್ದನ್ನೇ ಹಾಕಿ ಸುಧಾರಿಸುತ್ತಿದ್ದವು ಎಂಬ ಕಥೆಯೂ ಇದೆ. ಕಥೆ ನಿಜವೋ ಸುಳ್ಳೋ, ಆ ಮುಖಕ್ಕೆ ಜನ ಕಾಗದ ಬರೆಯಲು ಶುರು ಮಾಡಿದ್ದಂತೂ ನಿಜ. ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕಮ್‌ಗೆ ಬರೆಯಿರಿ, ನಿಮ್ಮ ಕಾಗದ ಗಂಡಸರ ಕಣ್ಣಿಗೆ ಬೀಳುವುದಿಲ್ಲ ಎಂದು ಜಾಹೀರಾತು ಮಾತು ಕೊಡುತ್ತಿತ್ತು.

ಈ ಮಾತಿನ ತೂಕ ತಿಳಿಯಬೇಕಾದರೆ ಆ ಕಾಲದ ವೈದ್ಯರ ಕಡೆ ನೋಡಬೇಕು. ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಹೆಂಗಸರು ಅವರ ಮುಂದೆ ಬಾಯಿ ಬಿಡಲು ನಾಚುತ್ತಿದ್ದರು, ಬಿಟ್ಟರೂ ಅವರು ಪೂರ್ತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಆರೋಗ್ಯವಾಗಿದ್ದ ಅಂಡಾಶಯವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ 1870ರ ದಶಕದಿಂದ ಅಲ್ಲಿ ಒಂದು ಪಿಡುಗಿನಂತೆ ಹಬ್ಬಿತ್ತು, ಬದುಕಿ ಎದ್ದರೆ ಪುಣ್ಯ. ಅಂಥ ಹೊತ್ತಿನಲ್ಲಿ ಲಿಡಿಯಾ ಹೆಣ್ಣಿನ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಸರಳ ಮಾತಿನಲ್ಲಿ ವಿವರಿಸುವ ಕರಪತ್ರ ಬರೆದಳು. ಬಂದ ಕಾಗದಗಳಿಗೆ ಕೂತು ಉತ್ತರ ಬರೆದಳು. ಸ್ನಾನ, ಒಳ್ಳೆಯ ಊಟ, ನಡಿಗೆ ಎಂದು ಹೇಳಿದಳು, ಜೊತೆಗೆ ತನ್ನ ಬಾಟಲಿಯನ್ನೂ ಹೇಳಿದಳು. ಕಾಂಪೌಂಡ್ ಅವಳು ಹೇಳಿದಷ್ಟು ಕಾಯಿಲೆಗಳನ್ನು ಗುಣ ಮಾಡಲಿಲ್ಲ. ಆದರೆ ಆ ಕಾಗದಗಳನ್ನು ಯಾರೋ ಓದಿದರು. ಮೋಸದ ಕಥೆ ಎನ್ನುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

1881ರಲ್ಲಿ ಡ್ಯಾನ್ ಮತ್ತು ವಿಲ್, ಇಬ್ಬರು ಮಕ್ಕಳೂ ಕ್ಷಯದಿಂದ ತೀರಿಕೊಂಡರು. 1883ರ ಮೇ ತಿಂಗಳಲ್ಲಿ ಲಿಡಿಯಾಳೂ ಹೋದಳು. ಕಂಪನಿ ಉಳಿದ ಮಗ ಚಾರ್ಲ್ಸ್‌ನ ಕೈಗೆ ಬಂತು. ಮುಂದೆ ಜಾಹೀರಾತಿನ ಹೊಣೆ ಹೊತ್ತವನು ಜೇಮ್ಸ್ ವೆದರಾಲ್ಡ್ ಎಂಬ ವೃತ್ತಿಪರ. ಮುಖ ಹಾಗೆಯೇ ಇತ್ತು, ‘ಶ್ರೀಮತಿ ಪಿಂಕಮ್‌ಗೆ ಬರೆಯಿರಿ’ ಎಂಬ ಮಾತೂ ಹಾಗೆಯೇ ಇತ್ತು. ಬರುವ ಕಾಗದಗಳನ್ನು ಗುಮಾಸ್ತೆಯರು ಓದಿ ಕಾಯಿಲೆಯ ಪ್ರಕಾರ ವಿಂಗಡಿಸಿ, ಮೊದಲೇ ಸಿದ್ಧವಿದ್ದ ವಾಕ್ಯಗಳನ್ನು ಜೋಡಿಸಿ ಉತ್ತರ ಕಳಿಸುತ್ತಿದ್ದರು. ಗಂಡಸರು ಓದುವುದಿಲ್ಲ ಎಂಬ ಮಾತನ್ನು ಹೀಗೆ ಒಂದು ರೀತಿಯಲ್ಲಿ ಉಳಿಸಿಕೊಂಡರು ಎನ್ನಬೇಕು.

ಜಾಹೀರಾತಿನಲ್ಲಿ ಅಚ್ಚಾಗುತ್ತಿದ್ದ ಪ್ರಶಂಸಾಪತ್ರಗಳನ್ನು ಸಾರಾಸಗಟಾಗಿ ಕಂಪನಿಯೇ ಬರೆಸಿತ್ತೆಂದು ನಾನು ಮೊದಲು ಊಹಿಸಿದ್ದೆ. ತಪ್ಪು ಊಹೆ. ಮೂಲ ಪತ್ರ ಮತ್ತು ಸಹಿ ತೋರಿಸಲಾಗದಿದ್ದರೆ 5,000 ಡಾಲರ್ ದಂಡ ತೆರುತ್ತೇವೆ ಎಂದು ಜಾಹೀರಾತಿನಲ್ಲೇ ಸವಾಲು ಹಾಕುತ್ತಿದ್ದರು. ಅಷ್ಟು ಧೈರ್ಯವಿತ್ತು, ಏಕೆಂದರೆ ಕಾಗದಗಳು ನಿಜವಾಗಿಯೂ ಬರುತ್ತಿದ್ದವು. ಆದರೆ ಅಚ್ಚಾದ ಪತ್ರಗಳನ್ನು ಸಾಲಾಗಿ ಓದುತ್ತ ಹೋದರೆ ಎಲ್ಲದರ ನಡಿಗೆಯೂ ಒಂದೇ. ಮೊದಲು ಎಷ್ಟು ವರ್ಷದ ನೋವು, ಆಮೇಲೆ ಕೈಬಿಟ್ಟ ಡಾಕ್ಟರು, ಆಮೇಲೆ ಕಣ್ಣಿಗೆ ಬಿದ್ದ ಜಾಹೀರಾತು, ಕುಡಿದ ಬಾಟಲಿಗಳ ಲೆಕ್ಕ, ಕೊನೆಗೆ ‘ಈಗ ಮನೆಗೆಲಸವೆಲ್ಲ ನಾನೇ ಮಾಡುತ್ತೇನೆ’. ಕಂಪನಿ ತನಗೆ ಬೇಕಾದಂಥವನ್ನೇ ಆರಿಸಿ ಹಾಕಿತು ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ ಎಂದು ನನಗನ್ನಿಸುತ್ತದೆ. ವಾರವಾರವೂ ಇಂಥ ಪತ್ರಗಳನ್ನು ಪತ್ರಿಕೆಯಲ್ಲಿ ಓದಿದ ಹೆಂಗಸು ತಾನು ಬರೆಯಲು ಕೂತಾಗ ಅದೇ ಅಚ್ಚಿಗೆ ತನ್ನ ನೋವನ್ನು ಎರಕ ಹೊಯ್ಯುತ್ತಿದ್ದಳು. ತನ್ನ ಕಷ್ಟವನ್ನು ಹೇಳಿಕೊಳ್ಳಲು ಅವಳಿಗೆ ಅಚ್ಚಿನಲ್ಲಿ ಸಿಕ್ಕಿದ್ದ ಮಾದರಿ ಅದೇ. ಜಾಹೀರಾತು ಹೆಂಗಸರ ಹಾಗೆ ಮಾತಾಡಲು ಕಲಿತಂತೆ, ಹೆಂಗಸರೂ ಜಾಹೀರಾತಿನ ಹಾಗೆ ಮಾತಾಡಲು ಕಲಿತರು. ಇಂದು ಅಂಗಡಿ ಆ್ಯಪಿನಲ್ಲಿ ನಿಜವಾದ ಗಿರಾಕಿಯೇ ಬರೆದ ರಿವ್ಯೂ ಕೂಡ ಬಾಡಿಗೆಗೆ ಬರೆದದ್ದರ ಹಾಗೇ ಕಾಣುವುದು ಇದರಿಂದಲೇ ಇರಬೇಕು.

ಗುಟ್ಟು ರಟ್ಟಾದದ್ದು 1905ರಲ್ಲಿ. ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯ ಸಂಪಾದಕ ಎಡ್ವರ್ಡ್ ಬಾಕ್ ಪುಟದಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿದ. ಒಂದು, ಶ್ರೀಮತಿ ಪಿಂಕಮ್ ಲಿನ್‌ನ ತನ್ನ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ ಎನ್ನುವ ಜಾಹೀರಾತು. ಇನ್ನೊಂದು, ಅದೇ ಊರಿನ ಪೈನ್ ಗ್ರೋವ್ ಸ್ಮಶಾನದಲ್ಲಿರುವ ಅವಳ ಸಮಾಧಿಕಲ್ಲಿನ ಫೋಟೋ. ಅವಳು ಸತ್ತು ಆಗಲೇ 22 ವರ್ಷವಾಗಿತ್ತು. ಕಂಪನಿ ಕಂಗೆಡಲಿಲ್ಲ. ಶ್ರೀಮತಿ ಪಿಂಕಮ್ ಎಂದರೆ ಸೊಸೆ ಜೆನ್ನಿ ಪಿಂಕಮ್, ಅವರು ಬದುಕಿಯೇ ಇದ್ದಾರೆ, ನಾವು ಸುಳ್ಳು ಹೇಳಿದ್ದೆಲ್ಲಿ ಎಂದು ಕೇಳಿತು. ಅತ್ತೆಯ ಹೆಸರು ಸೊಸೆಗೂ ಬರುತ್ತದಲ್ಲ! ಲಾಯರಿಗೆ ಒಪ್ಪಿಗೆಯಾಗುವ ಮಾತು.

ಸಮಾಧಿಯ ಫೋಟೋ ಎಲ್ಲರಿಗೂ ನೆನಪಿದೆ. ಬಾಕ್ ಹೊರಗೆಳೆದ ಇನ್ನೊಂದು ಸಂಗತಿಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವನ ಪತ್ರಿಕೆಗಾಗಿ ಮಾರ್ಕ್ ಸಲಿವನ್ ಎಂಬ ಯುವಕ ಪತ್ತೆ ಮಾಡಿದಂತೆ, ಔಷಧಿ ವ್ಯಾಪಾರದ ಹಿಂದೆ ಕಾಗದಗಳ ವ್ಯಾಪಾರವೊಂದು ನಡೆಯುತ್ತಿತ್ತು. ಗುಟ್ಟಾಗಿಡುತ್ತೇವೆ ಎಂದು ನಂಬಿಸಿ ಬರೆಸಿಕೊಂಡ ಕಾಗದಗಳನ್ನು ಕಂಪನಿಗಳು ದಲ್ಲಾಳಿಗಳಿಗೆ ಮಾರುತ್ತಿದ್ದವು. ಅವರು ಕಾಯಿಲೆವಾರು ಕಂತೆ ಕಟ್ಟಿ ಬೇರೆ ಔಷಧಿಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಮುಟ್ಟಿನ ತೊಂದರೆಯ ಕಂತೆ ಒಂದು, ಮೂಲವ್ಯಾಧಿಯ ಕಂತೆ ಇನ್ನೊಂದು. ಮನೆಯವರಿಗೂ ಹೇಳದೆ ಬರೆದ ಕಾಗದ ಯಾವುದೋ ಊರಿನ ಗೋದಾಮಿನಲ್ಲಿ ಸಾವಿರದ ಲೆಕ್ಕದಲ್ಲಿ ಬಿಕರಿಯಾಗುತ್ತಿತ್ತು. ಈ ಪುಟಗಳನ್ನು ಓದಿದ ದಿನ ನಾನು ಮತ್ತೇನೂ ಓದಲಿಲ್ಲ.

1906ರಲ್ಲಿ ಅಮೆರಿಕದಲ್ಲಿ ಆಹಾರ ಮತ್ತು ಔಷಧಿ ಕಾಯಿದೆ ಬಂತು. ಬಾಟಲಿಯ ಚೀಟಿಯ ಮೇಲೆ ಆಲ್ಕೊಹಾಲ್ ಎಷ್ಟಿದೆ ಎಂದು ನಮೂದಿಸುವುದು ಕಡ್ಡಾಯವಾಯಿತು. ಆದರೆ ಕಾಯಿದೆಯ ಕೈ ಚೀಟಿಯವರೆಗೆ ಮಾತ್ರ ಎಟುಕುತ್ತಿತ್ತು, ಪತ್ರಿಕೆಯ ಜಾಹೀರಾತು ಅದರ ಹಿಡಿತಕ್ಕೆ ಸಿಗಲಿಲ್ಲ. ಕಾಂಪೌಂಡ್‌ನ ವ್ಯಾಪಾರ ಶಿಖರ ಮುಟ್ಟಿದ್ದು ಇಷ್ಟೆಲ್ಲ ಬಯಲಾದ ಮೇಲೆ, 1920ರ ದಶಕದಲ್ಲಿ. ಬಯಲಿಗೆಳೆದರೆ ಸಾಕು, ಜನ ಎಚ್ಚೆತ್ತುಕೊಳ್ಳುತ್ತಾರೆ ಎಂದು ನಂಬಿ ಸಂಶೋಧನೆಗೆ ಬಂದ ನನ್ನಂಥವಳಿಗೆ ಇದು ಜೀರ್ಣವಾಗಲು ಸಮಯ ಹಿಡಿಯಿತು.

ನಮ್ಮಲ್ಲಿಗೆ ಈ ವೃತ್ತಿ ಸಂಘಟಿತವಾಗಿ ಬಂದದ್ದು ಬೊಂಬಾಯಿಯ ಮೂಲಕ. ಅಮೆರಿಕದ ಜಾಹೀರಾತು ಸಂಸ್ಥೆ ಜೆ. ವಾಲ್ಟರ್ ಥಾಮ್ಸನ್ 1929ರಲ್ಲಿ ಅಲ್ಲಿ ಕಚೇರಿ ತೆರೆಯಿತು. ಧಾರವಾಡದಲ್ಲಿ ಹುಟ್ಟಿದ ನಟಿ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು, ಭಾರತದ ಚಿತ್ರತಾರೆಯರಲ್ಲಿ ಅವರೇ ಮೊದಲಿಗರು. ತಾರೆ ಹೇಳುವುದು ದುಡ್ಡಿಗೆ ಎಂದು ನೋಡುವವರಿಗೂ ಗೊತ್ತಿರುತ್ತದೆ, ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ. ಪಕ್ಕದ ಮನೆಯವಳ ದನಿಯ ವಿಷಯ ಹಾಗಲ್ಲ, ಅದಕ್ಕೆ ಬೆಲೆ ಬರುವುದೇ ಅದು ದುಡ್ಡಿಗೆ ಆಡಿದ ಮಾತಲ್ಲ ಎಂಬ ನಂಬಿಕೆಯಿಂದ. 2022ರ ನವೆಂಬರಿನಲ್ಲಿ ನಮ್ಮ ಸರ್ಕಾರ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಹಾಕಕೂಡದು ಎನ್ನುತ್ತದೆ ಅದು. ಪಾಲಿಸುವುದು ಬಿಡುವುದು ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದು. ನಾನು 40 ಕಾಮೆಂಟ್ ಬರೆದದ್ದು ಅದು ಬಂದ ಮೇಲೆಯೇ.

ಮನಸ್ಸಾಕ್ಷಿ ಚುಚ್ಚಿ ಕೆಲಸ ಬಿಟ್ಟೆ ಎಂದು ಬರೆದರೆ ಅದು ನಲವತ್ತೊಂದನೆಯ ಕಾಮೆಂಟ್ ಆದೀತು. ಫೆಲೋಶಿಪ್ ಬಾಕಿ ಬಂತು, ಬಿಟ್ಟೆ. ಆ ಬರಹಗಳು ಯಾವ ಯಾವ ಹೆಸರಿನಲ್ಲಿ ಎಲ್ಲೆಲ್ಲಿ ಅಂಟಿಕೊಂಡಿವೆಯೋ ನನಗೆ ತಿಳಿಯದು. ಒಮ್ಮೆ ಹುಡುಕಲು ಕೂತೆ. ಹೆರಿಗೆ, ಬಚ್ಚಲು, ಗಂಡನ ಬೈಗುಳ ಇರುವ ಕಾಮೆಂಟುಗಳು ಎಷ್ಟೋ ಸಿಕ್ಕವು. ಯಾವುದು ನಾನು ಬರೆದದ್ದು, ಯಾವುದು ನಿಜವಾಗಿ ಕೂದಲು ಉದುರಿದವಳು ಬರೆದದ್ದು ಎಂದು ನನಗೇ ಬೇರ್ಪಡಿಸಲಾಗಲಿಲ್ಲ.

ಕಳೆದ ಗೌರಿಹಬ್ಬಕ್ಕೆ ಅತ್ತೆಯ ಮನೆಗೆ ಹೋಗಿದ್ದೆ. ಸಂಜೆ ಹಜಾರದಲ್ಲಿ ಕೂರಿಸಿಕೊಂಡು, ಓದಿ ಓದಿ ತಲೆ ಒಣಗಿಸಿಕೊಂಡಿದ್ದೀಯ ಎಂದು ಗೊಣಗುತ್ತ ಬಿಸಿ ಮಾಡಿದ ಹರಳೆಣ್ಣೆ ಹಚ್ಚಿದರು. ಬೆರಳು ನೆತ್ತಿಯ ಮೇಲೆ ಓಡಾಡುತ್ತಿರುವಾಗ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ.

“ಈಗ ಏನ್ ಬರೀತಿದ್ದೀಯವ್ವ?” ಎಂದು ಅವರೇ ಕೇಳಿದರು.

“ಹಳೇ ಕಾಲದ ಔಷಧಿ ಜಾಹೀರಾತಿನ ಬಗ್ಗೆ ಅತ್ತೆ.”

“ಅದ್ಕೂ ದುಡ್ಡು ಕೊಡ್ತಾರಾ?”

“ಕೊಡ್ತಾರೆ,” ಎಂದೆ. “ತಡವಾಗಿ.”