ರಾಗಿ ಕಾಯುತ್ತೆ, ರೈತನಿಗೆ ಕಾಯೋಕಾಗಲ್ಲ

ಇವತ್ತಿನ ಎಪಿಸೋಡ್ ರಾಗಿ ಬಗ್ಗೆ. ನಮ್ಮ ಗೊರೂರು ಕಡೆ ಊಟ ಅಂದ್ರೆ ಮುದ್ದೆ. ಆದ್ರೆ ರಾಗಿಯ ತವರು ಹಾಸನ ಅಲ್ಲ, ಆಫ್ರಿಕಾ. ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನಾಡಿನ ರೈತರು ಒಂದು ಕಾಡುಹುಲ್ಲನ್ನ ಪಳಗಿಸಿ ಬೆಳೆ ಮಾಡಿದರು. ಇಥಿಯೋಪಿಯಾದಲ್ಲಿ ಅದು ದಾಗುಸ್ಸಾ, ಕೀನ್ಯಾದಲ್ಲಿ ವಿಂಬಿ. ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮ ನೆಲಕ್ಕೂ ಬಂತು.

16ನೇ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ ನಿಮಗೆ ಗೊತ್ತಿರುತ್ತೆ. ಭತ್ತ, ರಾಗಿ ಎರಡೂ ಜಗಳಕ್ಕೆ ಬೀಳ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ಕೆಡದೆ ಹೊರಗೆ ಬರೋದು ರಾಗಿ. ಕಥೆಯೊಳಗಿನ ಮಾತು ನಿಜವೂ ಹೌದು. ರಾಗಿಗೆ ಹುಳ ಬೀಳೋದು ಕಡಿಮೆ. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು, ಬರಗಾಲ ಬಂದಾಗ ತೆಗೆದು ಉಣ್ತಿದ್ರು.

ಆಫ್ರಿಕಾದ ಋಣ ಅಲ್ಲಿಗೇ ಮುಗೀಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯ ನಮ್ಮ ನಾಡತಳಿಗೆ ಆಫ್ರಿಕಾದ ರಾಗಿಯನ್ನ ಸೇರಿಸಿ ಹೊಸ ತಳಿಗಳನ್ನ ತಂದರು. ಹೆಸರು ಇಂಡಾಫ್: ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. 1970ರ ದಶಕದಿಂದ ಅವು ಹೊಲಕ್ಕೆ ಬಂದವು, ಇಳುವರಿ ಏರಿತು. ಬೀಜ ಕೊಟ್ಟ ನೆಲದ ನೆನಪು ಹೆಸರಲ್ಲಾದರೂ ಉಳೀತು.

ಬೆಳೆಯೋ ಸಣ್ಣ ರೈತನಿಗೆ ಏನು ಸಿಕ್ತು? ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು. ಕಾಲುವೆ ನೀರು ಹತ್ತದ ಹೊಲದಲ್ಲಿ ಇವತ್ತಿಗೂ ಮಳೆ ನಂಬಿದ ರಾಗಿಯೇ. ಅಂಥವರಿಗೆ ಸರ್ಕಾರದ ಬೆಂಬಲ ಬೆಲೆ ಆಸರೆ. 2025-26ಕ್ಕೆ ಅದು ಕ್ವಿಂಟಾಲಿಗೆ 4,886 ರೂಪಾಯಿ, ಅಂದ್ರೆ ಕೆಜಿಗೆ 49 ರೂಪಾಯಿಗೆ ಸ್ವಲ್ಪ ಕಡಿಮೆ. ಹೀಗೆ ಕೊಂಡ ರಾಗಿ ರೇಷನ್ ಅಂಗಡಿಗೂ ಹೋಗುತ್ತೆ.

ನಾನು ಓದಿದ್ದು ಬಿ.ಕಾಂ., ಅದಕ್ಕೇ ನನ್ನ ಕಣ್ಣು ಬೆಲೆಗಿಂತ ಮೊದಲು ತಾರೀಖಿನ ಮೇಲೆ ಹೋಗುತ್ತೆ. ಕೊಯ್ಲು, ಕಣ ಎಲ್ಲ ನವೆಂಬರ್, ಡಿಸೆಂಬರ್‌ನಲ್ಲಿ. ಖರೀದಿ ಕೇಂದ್ರ ಸಾಮಾನ್ಯವಾಗಿ ತೆರೆಯೋದು ಹೊಸ ವರ್ಷದಲ್ಲಿ. ಅದಕ್ಕೂ ಮೊದಲು ನೋಂದಣಿ, ಫ್ರೂಟ್ಸ್ ಐಡಿ, ಸರದಿ. ದುಡ್ಡು ಖಾತೆಗೆ ಬರೋದು ಇನ್ನೂ ಆಮೇಲೆ. ಅಷ್ಟರಲ್ಲಿ ಗೊಬ್ಬರದಂಗಡಿ ಸಾಲ, ಕೂಲಿ ಬಾಕಿ ಬಾಗಿಲಿಗೆ ಬಂದಿರುತ್ತೆ. ರಾಗಿ ಹಗೇವಿನಲ್ಲಿ ಕಾಯಬಲ್ಲದು, ಸಾಲಗಾರ ಕಾಯಲ್ಲ. ಹಾಗಾಗಿ ಕೈಯಲ್ಲಿ ಕಾಸಿಲ್ಲದವನು ಕಣದಲ್ಲೇ ವ್ಯಾಪಾರಿ ಹೇಳಿದ ರೇಟಿಗೆ ಮೂಟೆ ಎತ್ತಿ ಕೊಡ್ತಾನೆ. ಕಾಯೋ ಶಕ್ತಿ ಇದ್ದವನಿಗೆ ಬೆಂಬಲ ಬೆಲೆ ಸಿಗುತ್ತೆ.

2021-22ರಲ್ಲಿ ಸರ್ಕಾರ ಸಣ್ಣ, ಅತಿಸಣ್ಣ ರೈತರಿಂದ ಮಾತ್ರ, ಅದೂ ಮಿತಿ ಹಾಕಿ ಕೊಳ್ತೀವಿ ಅಂದಾಗ ರಾಗಿ ಬೆಳೆಯೋ ಜಿಲ್ಲೆಗಳಲ್ಲಿ ಪ್ರತಿಭಟನೆ ಆಯ್ತು. ಸಣ್ಣವರಿಗೆ ಮೊದಲು ಅನ್ನೋದು ಸರಿಯೇ. ಆದ್ರೆ ತಡವಾಗಿ ಬರೋ ದುಡ್ಡು ಸಣ್ಣವನನ್ನೇ ಮೊದಲು ಹೊಡೆಯುತ್ತೆ.

2023 ಸಿರಿಧಾನ್ಯದ ಅಂತರರಾಷ್ಟ್ರೀಯ ವರ್ಷ. ಆಮೇಲೆ ರಾಗಿ ಬಿಸ್ಕತ್ತು, ರಾಗಿ ಮಾಲ್ಟ್ ಪ್ಯಾಕೆಟ್ ಮೇಲೆ ‘ರೈತರಿಂದ ನೇರವಾಗಿ’ ಅನ್ನೋ ಸಾಲು ನೋಡಿರ್ತೀರಿ. ಆ ಕಂಪನಿಗೆ ಎರಡು ಪ್ರಶ್ನೆ ಕೇಳಿ: ಕೆಜಿಗೆ ಎಷ್ಟು ಕೊಟ್ರಿ? ತೂಕ ಹಾಕಿದ ಎಷ್ಟನೇ ದಿನಕ್ಕೆ ಕೊಟ್ರಿ? ಎರಡನೇದಕ್ಕೂ ಉತ್ತರ ಕೊಟ್ಟವರ ಪ್ಯಾಕೆಟ್ ತಗೊಳ್ಳಿ.